ಲಿವರ್ ಕಾಯಿಲೆ ಇರುವವರಿಗೆ ಉಸಿರುಗಟ್ಟಿದಾಗ: ಶ್ವಾಸಕೋಶದಲ್ಲಿ ಎರಡು ಕಾರಣ ಸಿಕ್ಕ ಒಂದು ಪ್ರಕರಣ

ಆಟೊಇಮ್ಯೂನ್ ಹೆಪಟೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಲಿವರಿನ ಮೇಲೆ ಎರಗುವ ಕಾಯಿಲೆ) ಇರುವವರಿಗೆ ಉಸಿರಾಟದ ತೊಂದರೆ ಶುರುವಾದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಶ್ವಾಸಕೋಶದ ಅಂಗಾಂಶ ಕೆಟ್ಟಿದೆಯೇ? ಶ್ವಾಸಕೋಶದ ರಕ್ತನಾಳ ಕೆಟ್ಟಿದೆಯೇ? ಮೊದಲನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕ ಕೂಡಲೇ ಎರಡನೆಯದನ್ನು ಬಿಟ್ಟುಬಿಡುವುದು ತುಂಬಾ ಸುಲಭ. ಈ ಪ್ರಕರಣದಲ್ಲಿ ಆದದ್ದೂ ಅದೇ. ಗುರುತು ಸಿಗದಂತೆ ವಯಸ್ಸು, ಊರು, ಮನೆಯವರ ವಿವರಗಳನ್ನು ಬದಲಿಸಿದೆ.

ಹಿನ್ನೆಲೆ

52 ವರ್ಷದ ಮಹಿಳೆ. ಮಲೆನಾಡಿನವರು, ಮನೆಗೆ ಸಣ್ಣ ಅಡಿಕೆ ತೋಟವಿದೆ. ಆರು ವರ್ಷಗಳ ಹಿಂದೆ ಕಾಮಾಲೆ ಬಂದಾಗ ಮೊದಲ ಕೆಲವು ತಿಂಗಳು ನಾಟಿ ಔಷಧಿಯಲ್ಲೇ ಕಳೆದವು. ಆಮೇಲೆ ನಡೆದ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ, ಸಿ ಇರಲಿಲ್ಲ. ದೇಹದ ಮೇಲೇ ತಿರುಗುವ ಪ್ರತಿಕಾಯಗಳಾದ ಎಎನ್‌ಎ 1:320, ನಯಸ್ನಾಯು ಪ್ರತಿಕಾಯ ಪಾಸಿಟಿವ್, ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ ಲೀಟರಿಗೆ 28 ಗ್ರಾಂ (ಸಾಮಾನ್ಯವಾಗಿ 16ರ ಒಳಗಿರಬೇಕು). ಬಯಾಪ್ಸಿಯಲ್ಲಿ ಪ್ಲಾಸ್ಮಾ ಕಣಗಳು ತುಂಬಿದ ಇಂಟರ್‌ಫೇಸ್ ಹೆಪಟೈಟಿಸ್, ಅಂದರೆ ಈ ಕಾಯಿಲೆಯ ಬಗೆಯ ಉರಿಯೂತ ಕಂಡಿತು. ಅಷ್ಟರಲ್ಲಾಗಲೇ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಕೂಡ ಆಗಿತ್ತು. ಸ್ಟೆರಾಯ್ಡ್ ಆದ ಪ್ರೆಡ್ನಿಸೊಲೋನ್ 40 ಮಿ.ಗ್ರಾಂನಿಂದ ಶುರುಮಾಡಿ ಇಳಿಸುತ್ತ ಬಂದು, ಪ್ರತಿರೋಧ ತಗ್ಗಿಸುವ ಅಜಥಯೋಪ್ರಿನ್ 75 ಮಿ.ಗ್ರಾಂ ಸೇರಿಸಿದರು. ತೂಕ 52 ಕೆ.ಜಿ. ಇದ್ದುದರಿಂದ ಆ ಪ್ರಮಾಣ ಸರಿಯಾಗಿಯೇ ಇತ್ತು. ಎರಡು ವರ್ಷದೊಳಗೆ ಲಿವರ್ ಎಂಜೈಮ್‌ಗಳಾದ ಎಎಲ್‌ಟಿ, ಎಎಸ್‌ಟಿ ಸಹಜಕ್ಕೆ ಬಂದವು. ಗುಲ್ಮ 15 ಸೆಂ.ಮೀ., ಪ್ಲೇಟ್‌ಲೆಟ್ 88,000, ಅನ್ನನಾಳದಲ್ಲಿ ಸಣ್ಣ ವ್ಯಾರಿಸಿಸ್ (ಉಬ್ಬಿದ ಸಿರೆಗಳು). ಹೊಟ್ಟೆಯಲ್ಲಿ ನೀರಿಲ್ಲ. ಕಡತ ನೋಡಿದ ಯಾರಾದರೂ 'ಲಿವರ್ ಹತೋಟಿಯಲ್ಲಿದೆ' ಎಂದೇ ಬರೆಯುವಂತಿತ್ತು, ಹಾಗೆಯೇ ಬರೆದೂ ಇದ್ದರು.

ಎಂಟು ತಿಂಗಳಿಂದ ಒಣಕೆಮ್ಮು, ಏರು ಹತ್ತಿದರೆ ಏದುಸಿರು. ಸ್ಥಳೀಯವಾಗಿ ಇನ್‌ಹೇಲರ್ ಕೊಟ್ಟರು, ಎರಡು ಸಲ ಆಂಟಿಬಯೋಟಿಕ್ ಆಯಿತು. ಎಕ್ಸ್‌ರೇಯಲ್ಲಿ ಎರಡೂ ಕಡೆ ಕೆಳಭಾಗದಲ್ಲಿ ಮಬ್ಬು ನೆರಳು ಕಂಡಾಗ ಟಿಬಿ ಔಷಧಿ ಶುರುಮಾಡುವ ಸಲಹೆ ಬಂತು. ಆ ಚೀಟಿಯೊಂದಿಗೇ ಅವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬಂದದ್ದು.

ಟಿಬಿ ಔಷಧಿ ಕೊಡದಿರುವ ತೀರ್ಮಾನ

ನಮ್ಮಲ್ಲಿ ಸ್ಟೆರಾಯ್ಡ್ ತಿನ್ನುತ್ತಿರುವವರಿಗೆ ಕೆಮ್ಮು, ನೆರಳು ಎರಡೂ ಇದ್ದರೆ ಟಿಬಿಯ ಅನುಮಾನ ಬರಲೇಬೇಕು. ಆದರೆ ಅನುಮಾನದ ಮೇಲೆಯೇ ಔಷಧಿ ಕೊಡುವುದಕ್ಕೆ ಸಿರೋಸಿಸ್ ಇರುವವರಲ್ಲಿ ತೆರಬೇಕಾದ ಬೆಲೆ ದೊಡ್ಡದು. ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರಿಗೆ ಪೆಟ್ಟು ಕೊಡಬಲ್ಲವು. ಅದರಲ್ಲೂ ಪೈರಜಿನಮೈಡನ್ನು ಮುಂದುವರಿದ ಸಿರೋಸಿಸ್‌ನಲ್ಲಿ ಸಾಮಾನ್ಯವಾಗಿ ಕೈಬಿಡುತ್ತಾರೆ. ರಿಫಾಂಪಿಸಿನ್ ಪ್ರೆಡ್ನಿಸೊಲೋನನ್ನು ದೇಹದಿಂದ ಬೇಗ ಕರಗಿಸಿಬಿಡುವುದರಿಂದ ಹತೋಟಿಯಲ್ಲಿರುವ ಹೆಪಟೈಟಿಸ್ ಮತ್ತೆ ಕೆರಳಬಹುದು. ಆಮೇಲೆ ಎಎಲ್‌ಟಿ ಏರಿದರೆ ಅದು ಔಷಧಿಯಿಂದಲೋ ಮೂಲ ಕಾಯಿಲೆಯಿಂದಲೋ ಎಂದು ಬಿಡಿಸುವುದೂ ಕಷ್ಟ.

ಈ ಮಹಿಳೆಗೆ ಜ್ವರವಿರಲಿಲ್ಲ, ತೂಕ ಇಳಿದಿರಲಿಲ್ಲ. ಕಫ ಬರುತ್ತಿರಲಿಲ್ಲ. ಹಾಗಾಗಿ ಒಂದು ವಾರ ತಡವಾದರೂ ಚಿಂತೆಯಿಲ್ಲ, ಪುರಾವೆ ಸಿಗಲಿ ಎಂದು ನಿರ್ಧರಿಸಿ ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿದರು. ಎರಡೂ ಶ್ವಾಸಕೋಶದ ತಳದಲ್ಲಿ ಗ್ರೌಂಡ್‌ಗ್ಲಾಸ್ ಮಬ್ಬು, ನಡುನಡುವೆ ಎಳೆದಂತೆ ಅಗಲವಾದ ಶ್ವಾಸನಾಳಗಳು, ಪ್ಲೂರಾದ (ಶ್ವಾಸಕೋಶದ ಹೊರಪೊರೆಯ) ಒತ್ತಿಗೆ ತೆಳುವಾಗಿ ಉಳಿದ ಸ್ವಚ್ಛ ಅಂಚು: ಎನ್‌ಎಸ್‌ಐಪಿ ಎಂಬ ಬಗೆಯ ಐಎಲ್‌ಡಿಯ (ಶ್ವಾಸಕೋಶದ ಅಂಗಾಂಶ ಉರಿಯೂತದಿಂದ ಕಲೆಗಟ್ಟುವ ಕಾಯಿಲೆಯ) ಚಿತ್ರ. ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವುದು) ಮಾಡಿ ತೊಳೆದು ತೆಗೆದ ದ್ರವದಲ್ಲಿ ಟಿಬಿ ಪತ್ತೆಯ ಸಿಬಿನಾಟ್ ಪರೀಕ್ಷೆ ನೆಗೆಟಿವ್, ಫಂಗಸ್ ಇಲ್ಲ, ನ್ಯುಮೋಸಿಸ್ಟಿಸ್ (ಪ್ರತಿರೋಧ ತಗ್ಗಿದವರ ಶ್ವಾಸಕೋಶಕ್ಕೆ ತಗಲುವ ಸೋಂಕು) ಇಲ್ಲ, ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಹೆಚ್ಚು. ಟಿಬಿ ಕಲ್ಚರ್ ಫಲಿತಾಂಶ ಆರು ವಾರಗಳ ನಂತರ ನೆಗೆಟಿವ್ ಎಂದೇ ಬಂತು. ಶ್ವಾಸಕೋಶದ ಬಯಾಪ್ಸಿಗೆ ಹೋಗಲಿಲ್ಲ. ಪ್ಲೇಟ್‌ಲೆಟ್ 88,000 ಇದ್ದು ಪೋರ್ಟಲ್ ಒತ್ತಡವೂ (ಲಿವರಿಗೆ ಹೋಗುವ ಸಿರೆಯ ಹೆಚ್ಚಿದ ಒತ್ತಡ) ಇರುವಾಗ ತುಣುಕು ತೆಗೆದು ರಕ್ತಸ್ರಾವ ತಂದುಕೊಳ್ಳುವ ಅಪಾಯಕ್ಕೆ ತಕ್ಕ ಲಾಭವಿರಲಿಲ್ಲ. ಬರೀ ದ್ರವ ತೊಳೆದು ತೆಗೆಯುವುದರಲ್ಲಿ ಆ ಅಪಾಯ ಬಹಳ ಕಡಿಮೆ.

ಈ ಹಂತದಲ್ಲಿ ಪಾರಿವಾಳ, ಏರ್ ಕೂಲರ್, ಬೂಷ್ಟು ಹಿಡಿದ ಹುಲ್ಲು ಇವುಗಳ ಬಗ್ಗೆ ಕೇಳಲೇಬೇಕು. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ ನೋಂದಣಿಯ 1,084 ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್, ಅಂದರೆ ಇಂಥವುಗಳ ಧೂಳು ಉಸಿರಿನಲ್ಲಿ ಸೇರಿ ಬರುವ ಅಲರ್ಜಿಯಂಥ ಶ್ವಾಸಕೋಶದ ಉರಿಯೂತ. ಇವರಲ್ಲಿ ಅಂಥ ಸುಳಿವೇನೂ ಸಿಗಲಿಲ್ಲ. ಸಿಕ್ಕಿದ್ದು ಬೇರೊಂದು. 'ಒಣ ಅವಲಕ್ಕಿ ತಿನ್ನುವಾಗ ಮಧ್ಯೆ ನೀರು ಕುಡೀಬೇಕಾಗುತ್ತಾ ಅಮ್ಮಾ?' ಎಂದು ಕೇಳಿದಾಗ, 'ಅವಲಕ್ಕಿ ಬಿಡಿ, ಚಪಾತಿಗೂ ಬೇಕು' ಎಂದರು. ಕಣ್ಣಲ್ಲಿ ಮರಳು ಬಿದ್ದಂತಾಗುವುದು ಮೂರು ವರ್ಷದಿಂದಿತ್ತಂತೆ. ಕಣ್ಣೀರು ಅಳೆಯುವ ಶಿರ್ಮರ್ ಪರೀಕ್ಷೆಯಲ್ಲಿ ಐದು ನಿಮಿಷಕ್ಕೆ ಕಾಗದ ನೆನೆದದ್ದು 3 ಮಿ.ಮೀ. ಮಾತ್ರ. ಆಂಟಿ-ರೋ ಪ್ರತಿಕಾಯ ಪಾಸಿಟಿವ್. ಆಟೊಇಮ್ಯೂನ್ ಲಿವರ್ ಕಾಯಿಲೆಯ ಜೊತೆ ಶೋಗ್ರೆನ್ (ಕಣ್ಣು, ಬಾಯಿ ಒಣಗಿಸುವ ಆಟೊಇಮ್ಯೂನ್ ಕಾಯಿಲೆ) ಬರುವುದು ಅಪರೂಪವಲ್ಲ. ಶ್ವಾಸಕೋಶಕ್ಕೆ ಕಾಯಿಲೆ ಹಬ್ಬುವ ಮುಖ್ಯ ದಾರಿಗಳಲ್ಲಿ ಅದೂ ಒಂದು.

ಒಂದೇ ಔಷಧಿ, ಎರಡು ಅಂಗ

ಚಿಕಿತ್ಸೆಯ ಆಯ್ಕೆಯಲ್ಲಿ ಒಂದು ಒಳ್ಳೆಯ ಲೆಕ್ಕಾಚಾರವಿತ್ತು. ಅಜಥಯೋಪ್ರಿನ್ ನಿಲ್ಲಿಸಿ ಮೈಕೋಫಿನೋಲೇಟ್ ಕೊಟ್ಟರೆ, ಅದು ಆಟೊಇಮ್ಯೂನ್ ಹೆಪಟೈಟಿಸ್‌ಗೆ ಎರಡನೇ ಸಾಲಿನ ಔಷಧಿಯಾಗಿಯೂ ಐಎಲ್‌ಡಿಗೆ ಮೊದಲ ಸಾಲಿನ ಔಷಧಿಯಾಗಿಯೂ ಒದಗುತ್ತದೆ. ಜೊತೆಗೆ, ಅಜಥಯೋಪ್ರಿನ್ನೇ ವಿರಳವಾಗಿ ಶ್ವಾಸಕೋಶ ಕೆಡಿಸುವುದುಂಟಾದ್ದರಿಂದ ಆ ಅನುಮಾನಕ್ಕೂ ತೆರೆ ಬೀಳುತ್ತದೆ. ದಿನಕ್ಕೆ ಎರಡು ಸಲ 500 ಮಿ.ಗ್ರಾಂ, ಎರಡು ವಾರದ ನಂತರ ಎರಡು ಸಲ 1 ಗ್ರಾಂ. ಮುಟ್ಟು ನಿಂತಿದ್ದರಿಂದ ಗರ್ಭದ ಚಿಂತೆ ಇರಲಿಲ್ಲ. ಮಕ್ಕಳಾಗುವ ವಯಸ್ಸಿನವರಿಗೆ ಈ ಔಷಧಿಯನ್ನು ಗರ್ಭನಿರೋಧಕವಿಲ್ಲದೆ ಕೊಡಲೇಬಾರದು, ಭ್ರೂಣಕ್ಕೆ ಅಂಗವೈಕಲ್ಯ ತರುತ್ತದೆ. ಪ್ರೆಡ್ನಿಸೊಲೋನ್ ನಾಲ್ಕು ವಾರ 30 ಮಿ.ಗ್ರಾಂಗೆ ಏರಿಸಿ ಮತ್ತೆ ಇಳಿಸುವುದು. ನ್ಯುಮೋಸಿಸ್ಟಿಸ್ ತಡೆಯಲು ಕೋಟ್ರೈಮೊಕ್ಸಜೋಲ್ ಡಬಲ್ ಸ್ಟ್ರೆಂಗ್ತ್ ಮಾತ್ರೆ ವಾರಕ್ಕೆ ಮೂರು. ಮೊದಲ ಎರಡು ತಿಂಗಳು ಎರಡು ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ. ಗುಲ್ಮ ದೊಡ್ಡದಿರುವವರಲ್ಲಿ ಬಿಳಿರಕ್ತಕಣ ಬೇಗ ಕುಸಿಯುವುದರಿಂದ ಇದನ್ನು ತಪ್ಪಿಸುವಂತಿಲ್ಲ. ಪ್ರತಿರೋಧ ತಗ್ಗಿಸುವ ಪ್ರಮಾಣ ಏರಿಸುವ ಮುನ್ನ ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ (ಈಗಿನ ಸೋಂಕಿನ ಗುರುತು) ಅಷ್ಟೇ ಅಲ್ಲ, ಆಂಟಿ-ಎಚ್‌ಬಿಸಿಯನ್ನೂ (ಹಿಂದಿನ ಸೋಂಕಿನ ಗುರುತು) ಮತ್ತೆ ನೋಡಿದರು.

ಫೈಬ್ರೋಸಿಸ್ ತಡೆಯುವ ನಿಂಟೆಡಾನಿಬ್ ಬಗ್ಗೆಯೂ ಮಾತು ಬಂತು. ಲಿವರ್ ಎಷ್ಟು ಕೆಟ್ಟಿದೆ ಎಂದು ಎಯಿಂದ ಸಿವರೆಗೆ ಅಳೆಯುವ ಚೈಲ್ಡ್-ಪ್ಯೂನಲ್ಲಿ ಬಿ, ಸಿ ಹಂತದ ಲಿವರಿಗೆ ಅದನ್ನು ಶಿಫಾರಸು ಮಾಡುವುದಿಲ್ಲ. ಇವರು ಎ ಮತ್ತು ಬಿಯ ಗಡಿಯಲ್ಲಿದ್ದರು. ಬದಿಗಿಟ್ಟದ್ದೇ ಸರಿಯಾಯಿತು.

ಚಿಕಿತ್ಸೆಗೆ ಮುಂಚಿನ ಉಸಿರಾಟದ ಪರೀಕ್ಷೆಯಲ್ಲಿ ಎಫ್‌ವಿಸಿ (ಶ್ವಾಸಕೋಶ ಹಿಡಿಸುವ ಗಾಳಿ) ಸಹಜದ ಶೇ 68, ಡಿಎಲ್‌ಸಿಒ (ಗಾಳಿಯಿಂದ ರಕ್ತಕ್ಕೆ ದಾಟುವ ಅನಿಲ) ಶೇ 38. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಪ್ರಕರಣದ ಮುಂದಿನ ಅರ್ಧ ಅಲ್ಲೇ ಇತ್ತು. ಶ್ವಾಸಕೋಶ ಹಿಡಿಸುವ ಗಾಳಿ ಸಾಧಾರಣವಾಗಿ ಕಡಿಮೆಯಾಗಿದೆ, ಆದರೆ ಗಾಳಿಯಿಂದ ರಕ್ತಕ್ಕೆ ದಾಟುವ ಅನಿಲದ ಪ್ರಮಾಣ ಅದರ ದುಪ್ಪಟ್ಟು ಕುಸಿದಿದೆ. ಐಎಲ್‌ಡಿಯಲ್ಲಿ ಡಿಎಲ್‌ಸಿಒ ಮೊದಲು ಇಳಿಯುವುದು ನಿಜ. ಇಷ್ಟು ಅಂತರವಿದ್ದಾಗ ಮಾತ್ರ ರಕ್ತನಾಳದ ಕಡೆ ತಿರುಗಿ ನೋಡಬೇಕು. ಒಂದು ಸಾದಾ ಎಕೋ (ಹೃದಯದ ಸ್ಕ್ಯಾನ್) ಆಯಿತು, ಬಲಹೃದಯದ ಒತ್ತಡ ಸಹಜ ಎಂದು ಬಂತು. 'ರಕ್ತನಾಳದ ತೊಂದರೆ ಇಲ್ಲ' ಎಂದು ಅದನ್ನು ಓದಿಕೊಂಡರು. ಆದರೆ ಆ ಎಕೋ ಶ್ವಾಸಕೋಶದ ರಕ್ತದೊತ್ತಡ ಏರಿಲ್ಲ ಎಂದಷ್ಟೇ ಹೇಳಿತ್ತು. ರಕ್ತನಾಳಗಳು ಹಿಗ್ಗಿವೆಯೇ ಎಂಬುದನ್ನು ಸಾದಾ ಎಕೋ ಹೇಳಲಾರದು.

ಚಿತ್ರ ಸುಧಾರಿಸಿತು, ಆಮ್ಲಜನಕ ಸುಧಾರಿಸಲಿಲ್ಲ

ಐದು ತಿಂಗಳಲ್ಲಿ ಕೆಮ್ಮು ಹೋಯಿತು. ಎಫ್‌ವಿಸಿ ಶೇ 77ಕ್ಕೆ ಏರಿತು, ಸಿಟಿಯಲ್ಲಿ ಮಬ್ಬು ಬಹುಪಾಲು ಕರಗಿತ್ತು, ಐಜಿಜಿ ಸಹಜಕ್ಕೆ ಬಂದಿತ್ತು. ಅವರ ಏದುಸಿರು ಮಾತ್ರ ಹೆಚ್ಚಾಗಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು ಎಂದು ಮಗಳು ಹೇಳಿದರು. ಕೂತಾಗ ಸ್ಯಾಚುರೇಶನ್ (ರಕ್ತದಲ್ಲಿ ಆಮ್ಲಜನಕದ ಶೇಕಡಾ ಮಟ್ಟ) 91.

ಇಲ್ಲಿ ಎರಡು ದಾರಿಗಳಿದ್ದವು. ಐಎಲ್‌ಡಿ ಒಳಗೊಳಗೇ ಉಲ್ಬಣಿಸುತ್ತಿದೆ ಎಂದುಕೊಂಡು ಪ್ರತಿರೋಧ ಇನ್ನಷ್ಟು ತಗ್ಗಿಸುವ ರಿಟುಕ್ಸಿಮ್ಯಾಬ್ ಸೇರಿಸುವುದು ಒಂದು. ಆ ಪ್ರಸ್ತಾಪ ಕಡತದಲ್ಲಿ ದಾಖಲಾಗಿದೆ. ಇನ್ನೊಂದು, ಸುಧಾರಿಸಿದ ಸಿಟಿಗೂ ಕೆಟ್ಟ ಆಮ್ಲಜನಕಕ್ಕೂ ತಾಳೆಯಾಗುತ್ತಿಲ್ಲ ಎಂದು ಒಪ್ಪಿಕೊಂಡು ಮೊದಲಿನಿಂದ ನೋಡುವುದು. ಎರಡನೆಯ ದಾರಿ ಹಿಡಿಯಲು ಕಾರಣವಾದದ್ದು ರೋಗಿಯ ಒಂದು ಮಾತು: 'ಮಲಗಿದ್ರೆ ಆರಾಮು ಡಾಕ್ಟ್ರೇ, ಎದ್ದು ಕೂತ್ರೆನೇ ಉಸಿರು ಸಾಲಲ್ಲ.' ಹೃದಯ ಸೋತವರು, ಆಸ್ತಮಾದವರು ಹೇಳುವುದು ಇದಕ್ಕೆ ತದ್ವಿರುದ್ಧ. ಅವರಿಗೆ ಮಲಗಿದರೆ ಕಷ್ಟ, ಎದ್ದು ಕೂತರೆ ನಿರಾಳ.

ಪರೀಕ್ಷೆ ಸರಳ. ಉಗುರಿನ ಬಣ್ಣ ಒರೆಸಿ, ಕೈ ಬೆಚ್ಚಗಿದೆ ಎಂದು ಖಾತ್ರಿಮಾಡಿಕೊಂಡು, ಆಕ್ಸಿಜನ್ ತೆಗೆದು ಹತ್ತು–ಹದಿನೈದು ನಿಮಿಷ ಅಂಗಾತ ಮಲಗಿಸಬೇಕು. ಅಂಕಿ ಸ್ಥಿರವಾದ ಮೇಲೆ ಬರೆದುಕೊಂಡು, ಎದ್ದು ನಿಲ್ಲಿಸಿ ಐದು ನಿಮಿಷ ಅದೇ ಬೆರಳಲ್ಲಿ ನೋಡಬೇಕು. ನಿಲ್ಲಿಸಿದ ಕೂಡಲೇ ನೋಡಿ ಬಿಟ್ಟುಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಇಳಿಕೆಗೆ ಸ್ವಲ್ಪ ಹೊತ್ತು ಬೇಕು. ಇವರಿಗೆ ಮಲಗಿದಾಗ 94, ನಿಂತಾಗ 87. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಮಲಗಿದಾಗ 69, ಕೂತಾಗ 61, ನಿಂತಾಗ 54 ಮಿ.ಮೀ. ಪಾದರಸ. ನಿಂತಾಗ ಈ ಒತ್ತಡ ಶೇ 5 ಅಥವಾ 4 ಮಿ.ಮೀ. ಇಳಿದರೆ ಸಾಕು, ಅದನ್ನು ಆರ್ಥೋಡಿಯಾಕ್ಸಿಯಾ ಎನ್ನುತ್ತಾರೆ. ಇಲ್ಲಿ ಇಳಿದದ್ದು 15. ಬೆರಳ ತುದಿ ಗುಂಡಾಗಿ ಉಬ್ಬಿದ್ದನ್ನು ಮೊದಲೇ ಕಂಡಿದ್ದರೂ ಐಎಲ್‌ಡಿಯ ಲೆಕ್ಕಕ್ಕೆ ಹಾಕಿಬಿಟ್ಟಿದ್ದರು. ಎದೆಯ ಮೇಲಿನ ಜೇಡಬಲೆಯಂಥ ಕೆಂಪು ಗುರುತುಗಳು ಕಡತಕ್ಕೇ ಬಂದಿರಲಿಲ್ಲ.

ಆಲ್ವಿಯೋಲಸ್ (ಶ್ವಾಸಕೋಶದ ಗಾಳಿಚೀಲ) ಮತ್ತು ಅಪಧಮನಿ ನಡುವಿನ ಆಮ್ಲಜನಕದ ಅಂತರ ಲೆಕ್ಕ ಹಾಕುವಾಗ ಕರ್ನಾಟಕದವರು ಎಡವುವ ಜಾಗವೊಂದಿದೆ. ಪಠ್ಯಪುಸ್ತಕದ ಸೂತ್ರದಲ್ಲಿ ವಾಯುಭಾರ 760 ಎಂದಿರುತ್ತದೆ, ಅದು ಮಂಗಳೂರಿಗೆ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ ವಾಯುಭಾರ 685ರ ಆಸುಪಾಸು. ಇವರ ಇಂಗಾಲದ ಡೈಆಕ್ಸೈಡ್ 31. 760 ಹಾಕಿದರೆ ಅಂತರ 50 ಬರುತ್ತದೆ. 685 ಹಾಕಿದರೆ: 685ರಿಂದ 47 ಕಳೆದು 0.21ರಿಂದ ಗುಣಿಸಿದರೆ 134, ಅದರಿಂದ 31ನ್ನು 0.8ರಿಂದ ಭಾಗಿಸಿ ಬಂದ 39 ಕಳೆದರೆ 95, ಅದರಿಂದ 61 ಕಳೆದರೆ 34. ಲಿವರ್ ಕಾಯಿಲೆಯಿಂದ ಶ್ವಾಸಕೋಶದ ರಕ್ತನಾಳ ಹಿಗ್ಗಿ ಆಮ್ಲಜನಕ ಇಳಿಯುವ ಹೆಪಟೊಪಲ್ಮನರಿ ಸಿಂಡ್ರೋಮ್, ಅಂದರೆ ಎಚ್‌ಪಿಎಸ್ ಎನ್ನಲು 15 ಸಾಕು, 64 ವರ್ಷ ದಾಟಿದವರಿಗೆ 20 ಬೇಕು. ಇವರಲ್ಲಿ ಎರಡೂ ಲೆಕ್ಕಕ್ಕೆ ತೀರ್ಮಾನ ಒಂದೇ ಬಂತು. ಅಂತರ ನಿಜಕ್ಕೂ 8 ಇರುವ ರೋಗಿಯಲ್ಲಿ ತಪ್ಪು ವಾಯುಭಾರ ಹಾಕಿದರೆ 24 ಬಂದು, ಇಲ್ಲದ ಕಾಯಿಲೆ ಹಚ್ಚಿಬಿಡುವ ಅಪಾಯವಿದೆ.

ಗುಳ್ಳೆ ಎಕೋ

ಎಚ್‌ಪಿಎಸ್ ಖಚಿತಪಡಿಸಿದ್ದು ಗುಳ್ಳೆ ಎಕೋ, ಅಂದರೆ ರಕ್ತಕ್ಕೆ ಸಣ್ಣ ಗುಳ್ಳೆಗಳನ್ನು ಬಿಟ್ಟು ನೋಡುವ ಎಕೋ. ಮೂರು ದಾರಿಯ ಸ್ಟಾಪ್‌ಕಾಕ್‌ಗೆ 10 ಮಿ.ಲೀ.ನ ಎರಡು ಸಿರಿಂಜ್ ಜೋಡಿಸಿ, ಒಂದರಲ್ಲಿ 9 ಮಿ.ಲೀ. ಸಲೈನ್, 1 ಮಿ.ಲೀ. ಗಾಳಿ ತೆಗೆದುಕೊಂಡು ಅತ್ತಿಂದಿತ್ತ ಹತ್ತು ಸಲ ರಭಸವಾಗಿ ತಳ್ಳಿದರೆ ಸಲೈನ್ ಹಾಲಿನಂತೆ ಬಿಳಿಚುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಗಾಳಿ ಉಳಿಯದಂತೆ ನೋಡಿ, ಮೊಣಕೈ ಬಳಿಯ ದಪ್ಪ ಸಿರೆಗೆ ತಕ್ಷಣ ಬಿಡಬೇಕು. ಅಂಗೈ ಹಿಂಬದಿಯ ಸಣ್ಣ ಕ್ಯಾನ್ಯುಲಾದಲ್ಲಿ ಬಿಟ್ಟರೆ ಗುಳ್ಳೆಗಳು ದಾರಿಯಲ್ಲೇ ಒಡೆದು, ಪರೀಕ್ಷೆ ಸುಳ್ಳೇ ನೆಗೆಟಿವ್ ಆಗುತ್ತದೆ. ಈ ಗುಳ್ಳೆಗಳು 10 ಮೈಕ್ರಾನ್‌ಗಿಂತ ದೊಡ್ಡವು, ಸಹಜ ಶ್ವಾಸಕೋಶದ ಲೋಮನಾಳ (ಅತಿ ಸಣ್ಣ ರಕ್ತನಾಳ) ಅವನ್ನು ತಡೆಹಿಡಿಯುತ್ತದೆ. ಹೃದಯದ ಬಲಭಾಗದಲ್ಲಿ ಕಂಡ ಮೇಲೆ ಮೂರು ಬಡಿತದೊಳಗೇ ಎಡ ಏಟ್ರಿಯಂನಲ್ಲಿ (ಎಡಗಡೆಯ ಮೇಲ್ಕೋಣೆಯಲ್ಲಿ) ಕಂಡರೆ ಹೃದಯದ ಗೋಡೆಯಲ್ಲೇ ರಂಧ್ರವಿದೆ ಎಂದರ್ಥ. ಮೂರರಿಂದ ಆರು ಬಡಿತ ಕಳೆದು ಕಂಡರೆ ಅವು ಶ್ವಾಸಕೋಶದ ಹಿಗ್ಗಿದ ನಾಳ ದಾಟಿ ಬಂದಿವೆ. ಇವರಲ್ಲಿ ಐದನೇ ಬಡಿತಕ್ಕೆ ಎಡಭಾಗ ತುಂಬಿತು.

ಸಿರೋಸಿಸ್‌ನಲ್ಲಿ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳ ಪ್ರಭಾವದಿಂದ ಲೋಮನಾಳಗಳು ಹಿಗ್ಗುತ್ತವೆ. ಒಬ್ಬೊಬ್ಬರೇ ನುಸುಳಿ ಟಿಕೆಟ್ ತೋರಿಸಿ ಹೋಗಬೇಕಾದ ಗೇಟನ್ನು ಅಗಲ ಮಾಡಿದರೆ ಜನ ಗುಂಪಾಗಿ ನುಗ್ಗುವಂತೆ, ಕೆಂಪುಕಣಗಳು ರಾಶಿಯಾಗಿ ಸಾಗಿ, ನಡುವಿನವಕ್ಕೆ ಆಮ್ಲಜನಕ ಮುಟ್ಟುವುದೇ ಇಲ್ಲ. ಹಿಗ್ಗಿದ ನಾಳಗಳು ಶ್ವಾಸಕೋಶದ ತಳದಲ್ಲಿ ಹೆಚ್ಚು. ಎದ್ದು ನಿಂತಾಗ ರಕ್ತ ಅತ್ತಲೇ ಇಳಿಯುವುದರಿಂದ ಅಂಕಿ ಬೀಳುತ್ತದೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು, ಮುಂದಿನ ದೊಡ್ಡ ತೀರ್ಮಾನ ನಿಂತದ್ದೇ ಅದರ ಮೇಲೆ. ಐಎಲ್‌ಡಿ ಇದೆ, ಎಚ್‌ಪಿಎಸ್ ಕೂಡ ಇದೆ, ಆಮ್ಲಜನಕದ ಕೊರತೆಯಲ್ಲಿ ಯಾರ ಪಾಲು ಎಷ್ಟು? ಇದಕ್ಕೆ ಎಂಎಎ ಸ್ಕ್ಯಾನ್ ಬೇಕು. ಲೋಮನಾಳಕ್ಕಿಂತ ದೊಡ್ಡದಾದ, ವಿಕಿರಣದ ಗುರುತು ಹಚ್ಚಿದ ಆಲ್ಬುಮಿನ್ ಕಣಗಳನ್ನು ಸಿರೆಗೆ ಬಿಟ್ಟು, ಎಷ್ಟು ಭಾಗ ಶ್ವಾಸಕೋಶ ತಪ್ಪಿಸಿಕೊಂಡು ಮೆದುಳಿಗೆ ಹೋಯಿತೆಂದು ಅಳೆಯುತ್ತಾರೆ. ಶೇ 6 ದಾಟಿದರೆ ಅಸಹಜ. ಬರೀ ಐಎಲ್‌ಡಿ ಅಥವಾ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಲ್ಲಿ ಇದು ಏರುವುದಿಲ್ಲ. ಇವರಲ್ಲಿ ಶೇ 31. ಕೊರತೆಯ ದೊಡ್ಡ ಪಾಲು ರಕ್ತನಾಳದ್ದೇ ಎಂದು ಆಗ ಧೈರ್ಯವಾಗಿ ಹೇಳಬಹುದಾಯಿತು. ರಿಟುಕ್ಸಿಮ್ಯಾಬ್ ಮಾತು ಅಲ್ಲಿಗೆ ನಿಂತಿತು. ಕೊಟ್ಟಿದ್ದರೆ ಸೋಂಕಿನ ಅಪಾಯ ಏರುತ್ತಿತ್ತು, ಉಸಿರಾಟಕ್ಕೆ ಏನೂ ಆಗುತ್ತಿರಲಿಲ್ಲ.

'ರಿಪೋರ್ಟ್ ಚೆನ್ನಾಗಿದೆ ಅಂತೀರಿ, ಲಿವರ್ ಯಾಕೆ ಬದಲಾಯಿಸಬೇಕು?'

ಎಚ್‌ಪಿಎಸ್‌ಗೆ ಕೆಲಸ ಮಾಡುತ್ತದೆಂದು ಸಾಬೀತಾದ ಔಷಧಿ ಇಲ್ಲ. ಆಮ್ಲಜನಕ ಕೊಡಬಹುದು, ಗುಣವಾಗುವುದು ಲಿವರ್ ಕಸಿಯಿಂದ ಮಾತ್ರ. ಇದನ್ನು ಮನೆಯವರಿಗೆ ತಿಳಿಸಿಕೊಡುವುದು ಕಷ್ಟವಾಯಿತು. ಮೇಲಿನ ಪ್ರಶ್ನೆ ಮಗಳದ್ದು. ಅದು ನ್ಯಾಯವಾದ ಪ್ರಶ್ನೆ, ಆರು ವರ್ಷದಿಂದ ಅವರು ಕೇಳಿಕೊಂಡು ಬಂದದ್ದು 'ಲಿವರ್ ಚೆನ್ನಾಗಿದೆ' ಎಂದೇ. ಲಿವರ್ ಕಾಯಿಲೆಯ ತೀವ್ರತೆ ಅಳೆಯುವ ಮೆಲ್ಡ್ ಅಂಕ 12 ಇತ್ತು, ಅಷ್ಟಕ್ಕೆ ಯಾರೂ ಕಸಿಯ ಮಾತೆತ್ತುವುದಿಲ್ಲ. ಮೆಲ್ಡ್ ಅಳೆಯುವುದು ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್‌ನಂಥ ರಕ್ತಪರೀಕ್ಷೆಗಳನ್ನು, ಆಮ್ಲಜನಕ ಅದರ ಲೆಕ್ಕಕ್ಕೇ ಇಲ್ಲ. ಅಮೆರಿಕದಲ್ಲಿ ಆಮ್ಲಜನಕದ ಒತ್ತಡ 60ಕ್ಕಿಂತ ಇಳಿದವರಿಗೆ ವಿಶೇಷ ಅಂಕ ಕೊಡುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ.

ಮನೆಗೆ ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಯಂತ್ರ) ಕೊಂಡರು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರು. ಈ ಯಂತ್ರಕ್ಕೆ ಸುಮಾರು 300–350 ವ್ಯಾಟ್ ಬೇಕು, ದೀಪ-ಫ್ಯಾನಿಗೆಂದು ಹಾಕಿಸಿದ ಸಣ್ಣ ಇನ್ವರ್ಟರ್ ಬಹಳ ಹೊತ್ತು ಎಳೆಯದು. ಹಾಗಾಗಿ ಒಂದು ಸಿಲಿಂಡರ್ ತುಂಬಿಸಿ ಇಟ್ಟುಕೊಳ್ಳಲು ಹೇಳಲಾಯಿತು. ನಾಲ್ಕು ತಿಂಗಳಲ್ಲಿ ಕೂತಾಗಿನ ಒತ್ತಡ 61ರಿಂದ 55ಕ್ಕೆ ಇಳಿಯಿತು. ಎಚ್‌ಪಿಎಸ್‌ನಲ್ಲಿ ಈ ಒತ್ತಡ 60 ಮತ್ತು 79ರ ನಡುವೆ ಇದ್ದರೆ ಮಧ್ಯಮ, 50ರಿಂದ 59 ತೀವ್ರ, 50ಕ್ಕಿಂತ ಕೆಳಗೆ ಅತಿ ತೀವ್ರ. ಅತಿ ತೀವ್ರಕ್ಕೆ ಜಾರಿದರೆ ಶಸ್ತ್ರಚಿಕಿತ್ಸೆಯ ಅಪಾಯ ಏರುತ್ತದೆ. ಆ ಇಳಿಕೆಯ ವೇಗವೇ ಮನೆಯವರಿಗೂ ವೈದ್ಯರಿಗೂ ತೀರ್ಮಾನ ಮಾಡಿಕೊಟ್ಟಿತು.

ಮೃತ ದಾನಿಯ ಅಂಗಕ್ಕಾಗಿ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ, ಜೊತೆಜೊತೆಗೇ ಮಗಳ ತಪಾಸಣೆ ನಡೆಯಿತು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಗಳು ಹತ್ತಿರದ ಸಂಬಂಧಿ. ಆಟೊಇಮ್ಯೂನ್ ಕಾಯಿಲೆಯವರ ಮಕ್ಕಳನ್ನು ದಾನಿಯಾಗಿ ಪರಿಗಣಿಸುವಾಗ ಅವರ ಲಿವರ್ ಎಂಜೈಮ್, ಐಜಿಜಿ, ಪ್ರತಿಕಾಯಗಳನ್ನೂ ನೋಡಬೇಕು. ಎಲ್ಲವೂ ಸಹಜವಾಗಿದ್ದವು. ದಾನವಾಗುವ ಭಾಗದ ತೂಕ ರೋಗಿಯ ತೂಕದ ಶೇ 0.8ಕ್ಕಿಂತ ಹೆಚ್ಚಿತ್ತು. ರೋಗಿಗೆ ಬಲಹೃದಯದ ಕ್ಯಾತಿಟರ್ ಪರೀಕ್ಷೆಯಲ್ಲಿ ಶ್ವಾಸಕೋಶದ ಸರಾಸರಿ ರಕ್ತದೊತ್ತಡ 18 ಬಂತು, ಅದು ಸಹಜ. ಎಫ್‌ವಿಸಿ ಆರು ತಿಂಗಳಿಂದ ಅಲುಗಾಡಿರಲಿಲ್ಲ. ಐಎಲ್‌ಡಿ ಹತೋಟಿಗೆ ಬಂದು ನಿಂತಿದೆ ಎಂಬ ಈ ಪುರಾವೆ ಇಲ್ಲದಿದ್ದರೆ ಅರಿವಳಿಕೆ ತಂಡ ಒಪ್ಪುತ್ತಿರಲಿಲ್ಲ. ಮೊದಲ ಐದು ತಿಂಗಳ ಚಿಕಿತ್ಸೆ ವ್ಯರ್ಥವಾಗಲಿಲ್ಲ ಎನ್ನುವುದು ಇಲ್ಲಿ.

ಕಸಿಯ ನಂತರ

ಮೊದಲ ವಾರ ಆಮ್ಲಜನಕ ಇನ್ನಷ್ಟು ಕೆಟ್ಟಿತು. ಎಚ್‌ಪಿಎಸ್‌ನಲ್ಲಿ ಇದು ನಿರೀಕ್ಷಿತ, ಮನೆಯವರಿಗೆ ಮೊದಲೇ ಹೇಳಿರಬೇಕು. ಸಾಮಾನ್ಯವಾಗಿ ಐಸಿಯುನಲ್ಲಿ ತಲೆಯ ಕಡೆ ಎತ್ತರಿಸುತ್ತಾರೆ. ಇವರಿಗೆ ಅದರಿಂದ ಸ್ಯಾಚುರೇಶನ್ ಬೀಳುತ್ತಿತ್ತು, ತಲೆಯ ಕಡೆ ತಗ್ಗಿಸಿದಾಗ ಏರುತ್ತಿತ್ತು. ಈ ಸೂಚನೆಯನ್ನು ಮಂಚದ ಮೇಲೆ ಬರೆದು ಹಚ್ಚಬೇಕಾಯಿತು, ಪಾಳಿ ಬದಲಾದಾಗಲೆಲ್ಲ ಅಭ್ಯಾಸಬಲದಿಂದ ಯಾರಾದರೂ ಮಂಚ ಎತ್ತರಿಸುತ್ತಿದ್ದರು. ಕೆಲವು ದಿನ ಉಸಿರಿನ ಮೂಲಕ ನೈಟ್ರಿಕ್ ಆಕ್ಸೈಡ್, ಆಮೇಲೆ ಮೂಗಿನ ಹೈಫ್ಲೋ (ರಭಸದ ಆಕ್ಸಿಜನ್). ಮನೆಗೆ ಹೋದದ್ದು ಆಕ್ಸಿಜನ್ ಜೊತೆಗೇ. ನಾಲ್ಕನೇ ತಿಂಗಳಲ್ಲಿ ಅದು ನಿಂತಿತು. ಒಂಬತ್ತನೇ ತಿಂಗಳಲ್ಲಿ ಕೂತಾಗಿನ ಒತ್ತಡ 82, ಬೆಂಗಳೂರಿನ ಎತ್ತರಕ್ಕೆ ಅದು ಸಹಜ. ವರ್ಷ ತುಂಬಿದಾಗ ಗುಳ್ಳೆ ಎಕೋ ನೆಗೆಟಿವ್.

ಡಿಎಲ್‌ಸಿಒ ಮಾತ್ರ ಶೇ 52ರಲ್ಲೇ ನಿಂತಿದೆ. ಎಚ್‌ಪಿಎಸ್ ಗುಣವಾದ ಮೇಲೂ ಇದು ಪೂರ್ತಿ ಏರದಿರುವುದು ಗೊತ್ತಿರುವ ಸಂಗತಿ. ಇವರಲ್ಲಿ ಐಎಲ್‌ಡಿಯ ಕಲೆಯೂ ಸೇರಿದೆ. ಹಾಗಾಗಿ ಮುಂದೆ ನಿಗಾ ಇಡಬೇಕಾದದ್ದು ಎಫ್‌ವಿಸಿ, ಸಿಟಿಗಳ ಮೇಲೆ. ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್, ಜೊತೆಗೆ ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಮೂರೂ ಮುಂದುವರಿದಿವೆ. ಬೇರೆ ಕಾರಣಕ್ಕೆ ಕಸಿಯಾದವರಲ್ಲಿ ಸ್ಟೆರಾಯ್ಡನ್ನು ಕೆಲವು ತಿಂಗಳಲ್ಲಿ ಬಿಡಿಸುವುದುಂಟು. ಇಲ್ಲಿ ಹಾಗೆ ಮಾಡದಿರಲು ಕಾರಣಗಳು ಎರಡು: ಆಟೊಇಮ್ಯೂನ್ ಹೆಪಟೈಟಿಸ್ ಹೊಸ ಲಿವರಿಗೂ ಮರಳಬಹುದು, ಶೋಗ್ರೆನ್‌ನ ಐಎಲ್‌ಡಿ ಲಿವರ್ ಬದಲಾಯಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಮೈಕೋಫಿನೋಲೇಟ್ ನಿಲ್ಲಿಸುವ ಮುನ್ನ ಶ್ವಾಸಕೋಶ ತಜ್ಞರನ್ನು ಕೇಳಬೇಕು ಎಂದು ಡಿಸ್ಚಾರ್ಜ್ ಸಾರಾಂಶದ ಮೊದಲ ಪುಟದಲ್ಲೇ ಬರೆದಿದೆ.

ಅದೇ ಆಸ್ಪತ್ರೆಯ ಲಿವರ್ ಹೊರರೋಗಿ ವಿಭಾಗದ ಚೀಟಿಯಲ್ಲಿ ಈಗ ಎರಡು ಖಾನೆ ಹೆಚ್ಚಾಗಿವೆ: ಮಲಗಿದಾಗಿನ ಸ್ಯಾಚುರೇಶನ್, ನಿಂತಾಗಿನ ಸ್ಯಾಚುರೇಶನ್. ತೂಕ ನೋಡುವ ಸಿಸ್ಟರ್ ಅದನ್ನೂ ತುಂಬುತ್ತಾರೆ. ನಿಂತಾಗ ಅಂಕಿ 3ಕ್ಕಿಂತ ಹೆಚ್ಚು ಇಳಿದರೆ, ಅಥವಾ ಡಿಎಲ್‌ಸಿಒ ಎಫ್‌ವಿಸಿಗಿಂತ ಬಹಳ ಕೆಳಗಿದ್ದರೆ, ಎಕೋ ಕೋರಿಕೆ ಚೀಟಿಯಲ್ಲಿ 'ಗುಳ್ಳೆ ಸಹಿತ' ಎಂದು ಸೇರಿಸಿ ಕಳಿಸುತ್ತಾರೆ.